ಕಪ್ ನಮ್ದಾತು, ಸಾಲ ಯಾರ ಹೆಸರಿಗೆ?

2025ರ ಜೂನ್ 3, ಮಂಗಳವಾರ ರಾತ್ರಿ. ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ 184ಕ್ಕೆ ನಿಂತು ಆರ್‌ಸಿಬಿ ಆರು ರನ್ನಿನಿಂದ ಗೆದ್ದಾಗ, ಬೆಂಗಳೂರಿನಿಂದ ನಾನೂರು ಕಿಲೊಮೀಟರ್ ಆಚೆಗಿನ ನಮ್ಮ ಕಡೆಯೂ ಪಟಾಕಿಗೆ ಬರ ಇರಲಿಲ್ಲ. ಕೊಹ್ಲಿ ಮೈದಾನದಲ್ಲಿ ಮೊಣಕಾಲೂರಿ ಅತ್ತ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡುತ್ತಿರುವಾಗಲೇ ಅದರ ಬೆನ್ನಿಗೆ ಇನ್ನೊಂದು ಬಂತು. ವಿಜಯ್ ಮಲ್ಯ ಅವರು ಇಂಗ್ಲೆಂಡಿನಿಂದ ಹಾಕಿದ ಅಭಿನಂದನೆ. ತಂಡ ಕಟ್ಟಿದಾಗ ಕಪ್ ಬೆಂಗಳೂರಿಗೆ ಬರಬೇಕೆಂಬುದು ತಮ್ಮ ಕನಸಾಗಿತ್ತು, ಕೊಹ್ಲಿಯನ್ನು ಎಳೆಯ ವಯಸ್ಸಿನಲ್ಲಿ ಆರಿಸಿದವರು ತಾವು, ಗೇಲ್ ಮತ್ತು ಡಿವಿಲಿಯರ್ಸ್ ಅವರನ್ನು ತಂದವರೂ ತಾವು ಎಂಬ ಧಾಟಿ ಅದರಲ್ಲಿತ್ತು.

ಅಲ್ಲಿಂದ ಶುರುವಾದ ವಾದ ಇನ್ನೂ ಮುಗಿದಿಲ್ಲ. ಗದುಗಿನ ಮುಳಗುಂದ ನಾಕಾದಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತ ನಿಂತವರಲ್ಲಿ ಆರ್‌ಸಿಬಿ ಸುದ್ದಿ ತೆಗೆದು ನೋಡಿ, ಐದು ನಿಮಿಷದಲ್ಲಿ ಮಾತು ಮಲ್ಯರ ಹತ್ತಿರ ಬಂದೇ ಬರುತ್ತದೆ. ‘ಮಲ್ಯಾ ಇಲ್ಲಂದ್ರ ಆರ್‌ಸಿಬಿ ಅನ್ನೂದ ಇರ್ತಿದ್ದಿಲ್ಲಪಾ’ ಅಂತಾನೆ ಒಬ್ಬ. ‘ಖರೆ ಐತಿ, ಬ್ಯಾಂಕ್ ಇಲ್ಲಂದ್ರ ಮಲ್ಯಾನೂ ಇರ್ತಿದ್ದಿಲ್ಲ’ ಅಂತಾನೆ ಮತ್ತೊಬ್ಬ. ನಗೆಯೆದ್ದು ಚಹಾದ ಎರಡನೆಯ ಸುತ್ತು ಬರುತ್ತದೆ. ಮೂರನೆಯವನು ಎಲ್ಲ ಪೇಪರಿನವರದೇ ಆಟ ಅನ್ನುತ್ತಾನೆ. ಅಂದು ‘ದಿಲ್‌ದಾರ್ ಸಾವ್ಕಾರ’ ಅಂದವರೇ ಇಂದು ‘ಕಳ್ಳ’ ಅಂತಾರೆ, ಯಾರನ್ನು ನಂಬೋದು?

ಈ ಮೂರೂ ಮಾತು ಒಟ್ಟಿಗೆ ನಿಲ್ಲಬಲ್ಲವು ಎಂಬುದೇ ನನಗೆ ಈ ವಾದದಲ್ಲಿ ಹಿಡಿಸಿದ್ದು. ಆದರೆ ವಾದಿಸುವವರು ಒಂದನ್ನು ಗೆಲ್ಲಿಸಲು ಉಳಿದೆರಡನ್ನು ಹೂಳುತ್ತಾರೆ. ಕಪ್ಪಿನ ಲೆಕ್ಕ, ಸಾಲದ ಲೆಕ್ಕ, ಸುದ್ದಿಯ ಲೆಕ್ಕ ಮೂರನ್ನೂ ಒಂದೇ ಖಾತೆಯಲ್ಲಿ ಬರೆದು ಒಂದರ ಜಮಾದಿಂದ ಇನ್ನೊಂದರ ಖರ್ಚು ತೀರಿಸುವುದು ಎಲ್ಲಿ ನಡೆದರೂ ಗದಗ ಜಿಲ್ಲೆಯಲ್ಲಿ ನಡೆಯಬಾರದು. ಯಾಕೆಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲು ಅಭಿಮಾನಿಗಳ ಪಾಲಿನ ಸತ್ಯ. 2008ರ ಜನವರಿಯಲ್ಲಿ ಐಪಿಎಲ್ ತಂಡಗಳು ಹರಾಜಾದಾಗ ಬೆಂಗಳೂರಿನ ಹಕ್ಕಿಗೆ ಮಲ್ಯರ ಗುಂಪು 11.16 ಕೋಟಿ ಡಾಲರ್ ಕೂಗಿತು. ಅದಕ್ಕಿಂತ ಹೆಚ್ಚಿಗೆ ಹೋದದ್ದು ಮುಂಬಯಿ ಒಂದೇ, ಅದೂ ಕೂದಲೆಳೆಯ ಅಂತರದಲ್ಲಿ. ತಂಡದ ಹೆಸರನ್ನು ಮದ್ಯದ ಬ್ರ್ಯಾಂಡಿನಿಂದ ತೆಗೆದದ್ದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಮದ್ಯದ ಜಾಹೀರಾತಿಗೆ ನಿಷೇಧವಿರುವ ದೇಶದಲ್ಲಿ ಬಾಟಲಿಯ ಹೆಸರನ್ನು ಅಂಗಿಯ ಎದೆಗೆ ಹೊಲಿಸಿ, ಮಕ್ಕಳಿಂದ ಕೂಗಿಸಿದ ವ್ಯಾಪಾರಬುದ್ಧಿಗೆ ಬೆರಗಾಗಬೇಕು, ಮೆಚ್ಚಬೇಕೆಂದೇನಿಲ್ಲ.

ಆ ಮೊದಲ ತಂಡದಲ್ಲಿ ನಮ್ಮೂರಿನವರೊಬ್ಬರಿದ್ದರು. ಗದುಗಿನ ಸುನೀಲ್ ಜೋಶಿ. ಇಲ್ಲಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಬರುತ್ತಿದ್ದ ಹುಡುಗ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ತೆಗೆದ ಎಡಗೈ ಸ್ಪಿನ್ನರ್. ಐಪಿಎಲ್ ಬರುವ ಹೊತ್ತಿಗೆ ವಯಸ್ಸು ಮೂವತ್ತೇಳು ದಾಟಿತ್ತು, ಸಿಕ್ಕ ಪಂದ್ಯಗಳೂ ಕೆಲವೇ. ಆದರೂ ಕೆಂಪು ಅಂಗಿಯಲ್ಲಿ ಗದುಗಿನವರನ್ನು ನೋಡಿದ ಸುಖ ಬೆಟಗೇರಿಯ ಹಳೆಯ ಆಟಗಾರರಿಗೆ ಇನ್ನೂ ಹಸಿರು. ‘ನಮ್ಮ ತಂಡ’ ಅನ್ನಲು ಇಲ್ಲಿಯವರಿಗೆ ಕೊಹ್ಲಿಗಿಂತ ಮೊದಲೇ ಒಂದು ನೆಪವಿತ್ತು.

ಕೊಹ್ಲಿಯ ವಿಷಯ ಸ್ವಲ್ಪ ಬೇರೆ. ಹತ್ತೊಂಬತ್ತರೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ಹಂಚುವಾಗ ದಿಲ್ಲಿಯ ತಂಡ ತನ್ನೂರಿನ ನಾಯಕನನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ರನ್ನು ಆರಿಸಿತು. ಹಾಗೆ ಉಳಿದ ಕೊಹ್ಲಿ ಬೆಂಗಳೂರಿಗೆ ಬಂದರು. ಆರಿಸಿದ ಕಣ್ಣಿಗೆ ಶಾಭಾಸ್ ಅನ್ನೋಣ, ಬಿಟ್ಟ ದಿಲ್ಲಿಗೂ ಒಂದು ಕೈ ಮುಗಿಯೋಣ. ಗೇಲ್ ಕಥೆ ಇನ್ನೂ ಸ್ವಾರಸ್ಯ. 2011ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಆರ್‌ಸಿಬಿ ಕೂಡ. ಡರ್ಕ್ ನ್ಯಾನೆಸ್ ಗಾಯಗೊಂಡದ್ದರಿಂದ ನಡುದಾರಿಯಲ್ಲಿ ಕರೆಸಿಕೊಂಡರು. ಬಂದವರು ಆ ಸಲ ಹನ್ನೆರಡು ಪಂದ್ಯದಲ್ಲಿ 608 ರನ್ ಬಾರಿಸಿದರು. ಎರಡು ವರ್ಷದ ಬಳಿಕ ಚಿನ್ನಸ್ವಾಮಿಯಲ್ಲಿ ಪುಣೆಯ ಮೇಲೆ ಔಟಾಗದೆ 175. ಆ ಸಂಜೆ ಟಿ.ವಿ. ಮುಂದೆ ಕೂತಿದ್ದ ಯಾವನಿಗೂ ಮಲ್ಯರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದು ಆರು ತಿಂಗಳಾಗಿತ್ತೆಂಬುದು ನೆನಪಿರಲಿಲ್ಲ. ನೆನಪಿಡುವುದು ಅಭಿಮಾನಿಯ ಕೆಲಸವೂ ಅಲ್ಲವೇನೋ.

ಆದರೆ ಅಭಿಮಾನಿ ತನ್ನ ಆಟದ ನೆನಪನ್ನಾದರೂ ಪೂರ್ತಿ ಇಟ್ಟುಕೊಳ್ಳಬೇಕು. 2008ರ ಏಪ್ರಿಲ್ 18ರ ಉದ್ಘಾಟನಾ ಪಂದ್ಯದಲ್ಲಿ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮವರು 82ಕ್ಕೆ ಮುದುರಿಕೊಂಡರು. ಹದಿನಾಲ್ಕು ಪಂದ್ಯದಲ್ಲಿ ಗೆದ್ದದ್ದು ನಾಲ್ಕು, ಎಂಟು ತಂಡಗಳಲ್ಲಿ ಏಳನೆಯ ಜಾಗ. ರಾಹುಲ್ ದ್ರಾವಿಡ್ ‘ಟೆಸ್ಟ್ ತಂಡ’ ಕಟ್ಟಿದರೆಂದು ಎಲ್ಲರೂ ಆಡಿಕೊಂಡರು. ಟೂರ್ನಿ ಇನ್ನೂ ನಡೆದಿರುವಾಗಲೇ ಮಲ್ಯ ಮುಖ್ಯಾಧಿಕಾರಿ ಚಾರು ಶರ್ಮಾರನ್ನು ತೆಗೆದರು, ಆಯ್ಕೆಯನ್ನು ದ್ರಾವಿಡ್ ಮತ್ತು ಶರ್ಮಾ ಕೈಗೆ ಬಿಟ್ಟದ್ದೇ ತಪ್ಪಾಯಿತೆಂಬರ್ಥದಲ್ಲಿ ಪತ್ರಿಕೆಗಳ ಮುಂದೆ ಮಾತಾಡಿದರು. ಕರ್ನಾಟಕದ ಕ್ರಿಕೆಟ್ ಕಂಡ ಅತಿ ಮರ್ಯಾದಸ್ತ ಆಟಗಾರನನ್ನು ಮಾಲೀಕರು ಸಂತೆಯಲ್ಲಿ ನಿಲ್ಲಿಸಿದ ಆ ವಾರ ಇಂದಿನ ಸ್ತುತಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ಗೆದ್ದಾಗ ಆರಿಸಿದವರು ತಾವು, ಸೋತಾಗ ಆರಿಸಿದವರು ಬೇರೆಯವರು!

ಇನ್ನು ರೊಕ್ಕದ ಮಾತು. ‘ಮಲ್ಯ ಸ್ವಂತ ರೊಕ್ಕ ಹಾಕಿ ತಂಡ ಕಟ್ಟಿದ’ ಎಂಬುದು ನಾಕಾ ವಾದದ ಮೂಲಕಂಬ. ಕಾಗದ ನೋಡಿದರೆ ಆ ಕಂಬ ಅಲ್ಲಾಡುತ್ತದೆ. ಆರ್‌ಸಿಬಿ ಇದ್ದದ್ದು ರಾಯಲ್ ಚಾಲೆಂಜರ್ಸ್ ಸ್ಪೋರ್ಟ್ಸ್ ಪ್ರೈವೇಟ್ ಲಿಮಿಟೆಡ್ ಎಂಬ ಕಂಪನಿಯಲ್ಲಿ. ಆ ಕಂಪನಿ ಯುನೈಟೆಡ್ ಸ್ಪಿರಿಟ್ಸ್‌ನ ಅಂಗಸಂಸ್ಥೆ. ಯುನೈಟೆಡ್ ಸ್ಪಿರಿಟ್ಸ್ ಷೇರುಪೇಟೆಯಲ್ಲಿ ನೋಂದಾದ ಸಾರ್ವಜನಿಕ ಕಂಪನಿ. ಅಂದರೆ ಷೇರು ಹಿಡಿದಿದ್ದ ಸಾವಿರಾರು ಜನರ ಪಾಲೂ ಅದರಲ್ಲಿತ್ತು. ಮಲ್ಯ ಅದರ ಅಧ್ಯಕ್ಷರು, ಮುಖ, ದನಿ, ಗ್ಯಾಲರಿಯಲ್ಲಿ ಕೈಬೀಸುವ ಕೈ. ಬ್ರಿಟನ್ನಿನ ಡಿಯಾಜಿಯೊ ಆ ಕಂಪನಿಯ ಹಿಡಿತ ತಗೊಂಡ ಮೇಲೂ ಜನರ ಕಣ್ಣಿಗೆ ತಂಡ ಮಲ್ಯರದೇ ಆಗಿತ್ತು. 2016ರ ಫೆಬ್ರವರಿಯಲ್ಲಿ 7.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಅವರು ಅಧ್ಯಕ್ಷಗಿರಿ ಬಿಟ್ಟರು. ಮಾರ್ಚ್ 2ಕ್ಕೆ ದೇಶವನ್ನೂ ಬಿಟ್ಟರು. ಆರ್‌ಸಿಬಿ ನಿರ್ದೇಶಕ ಹುದ್ದೆಯೂ ಅದೇ ತಿಂಗಳು ಹೋಯಿತು. ಆ ವರ್ಷವೇ ಚಿನ್ನಸ್ವಾಮಿಯಲ್ಲಿ ಫೈನಲ್ ನಡೆದು ಆರ್‌ಸಿಬಿ ಎಂಟು ರನ್ನಿನಿಂದ ಸೋತಿತು. 2024ರಲ್ಲಿ ಹೆಣ್ಣುಮಕ್ಕಳು ತಂದ ಕಪ್ಪು, 2025ರಲ್ಲಿ ಗಂಡಸರು ತಂದ ಕಪ್ಪು, ಎರಡೂ ಮಲ್ಯರ ಕಾಲದವಲ್ಲ. ‘ಹಂಗಾರ ಬೀಜ ಬಿತ್ತಿದಾಂವ ಯಾರೋ?’ ಎಂಬ ಪ್ರಶ್ನೆ ನಾಕಾದಲ್ಲಿ ತಪ್ಪದೆ ಬರುತ್ತದೆ. ಬಿತ್ತಿದವರು ಅವರೇ. ಬೀಜದ ರೊಕ್ಕ ಮಾತ್ರ ಅವರೊಬ್ಬರದಲ್ಲ.

ಕಾಲ್ಚೆಂಡಿನ ಊರಾದ ಕೋಲ್ಕತ್ತದವರಿಗೆ ಈ ತಕರಾರು ನಮಗಿಂತ ಹತ್ತು ವರ್ಷ ಹಳೆಯದು. 1998ರಲ್ಲಿ ಮಲ್ಯರ ಯುಬಿ ಗುಂಪು ಅಲ್ಲಿನ ಹಾವು-ಮುಂಗುಸಿ ಕ್ಲಬ್ಬುಗಳೆರಡರಲ್ಲೂ ಒಟ್ಟಿಗೇ ಅರ್ಧರ್ಧ ಪಾಲು ಹಾಕಿತು. ಈಸ್ಟ್ ಬೆಂಗಾಲ್ ‘ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್’ ಆಯಿತು, ಮೋಹನ್ ಬಾಗಾನ್ ‘ಮ್ಯಾಕ್‌ಡೊವೆಲ್ ಮೋಹನ್ ಬಾಗಾನ್’ ಆಯಿತು. ಯಾರು ಗೆದ್ದರೂ ಬಾಟಲಿ ಗೆದ್ದಂತೆ. 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದದ್ದು ಆ ಹೆಸರಿನ ಅಂಗಿಯಲ್ಲೇ. ಇಂದಿಗೂ ಅಲ್ಲಿನ ಹಿರಿಯರು ಆ ಕಾಲವನ್ನು ಮೆಲುಕು ಹಾಕುತ್ತಾರೆ. ಮಲ್ಯರ ಸಾಮ್ರಾಜ್ಯ ಕರಗಿದ ಮೇಲೆ 2018ರಲ್ಲಿ ಈಸ್ಟ್ ಬೆಂಗಾಲಿಗೆ ಬಂದದ್ದು ಬೆಂಗಳೂರಿನದೇ ಕಂಪನಿ, ಕ್ವೆಸ್. ಎರಡು ವರ್ಷದಲ್ಲಿ ಜಗಳವಾಡಿ ಹೋಯಿತು. ಆಮೇಲೆ ಶ್ರೀ ಸಿಮೆಂಟ್, ಆಮೇಲೆ ಇಮಾಮಿ. ಮೋಹನ್ ಬಾಗಾನ್ ಅಭಿಮಾನಿಗಳಂತೂ ಹೂಡಿಕೆದಾರರ ಹಳೆಯ ತಂಡ ಎಟಿಕೆಯ ಹೆಸರನ್ನು ತಮ್ಮ ಕ್ಲಬ್ಬಿನ ಮುಂದಿನಿಂದ ಕಿತ್ತುಹಾಕುವವರೆಗೆ, ಅಂದರೆ 2023ರವರೆಗೆ, ಬೀದಿಯಲ್ಲೂ ಗ್ಯಾಲರಿಯಲ್ಲೂ ಫಲಕ ಹಿಡಿದರು.

ಅಲ್ಲಿಯವರು ಒಂದು ಪಾಠ ಕಲಿತಿದ್ದಾರೆ. ಹೂಡಿಕೆದಾರ ಬೇಕು, ಆದರೆ ಕ್ಲಬ್ಬು ಆತನದಲ್ಲ. ನೂರು ವರ್ಷದ ಸದಸ್ಯತ್ವ, ಸ್ವಂತ ಮೈದಾನ, ಚುನಾವಣೆ ನಡೆಸಿ ಆರಿಸುವ ಕಾರ್ಯಕಾರಿ ಸಮಿತಿ ಇದ್ದದ್ದರಿಂದ ಅವರು ಹಾಗೆನ್ನಬಲ್ಲರು. ಐಪಿಎಲ್ ತಂಡಕ್ಕೆ ಸದಸ್ಯರಿಲ್ಲ, ಗಿರಾಕಿಗಳಿದ್ದಾರೆ. ಆದ್ದರಿಂದ ನಮ್ಮ ಅಭಿಮಾನಕ್ಕೆ ಆತುಕೊಳ್ಳಲು ಒಂದು ಮುಖ ಬೇಕಾಗುತ್ತದೆ, ಆ ಮುಖ ಒಂದು ದಶಕ ಮಲ್ಯರದಾಗಿತ್ತು.

ಹೊರದೇಶದವರೇನೂ ಕಡಿಮೆಯಲ್ಲ. ರಷ್ಯದ ರೋಮನ್ ಅಬ್ರಮೋವಿಚ್ 2003ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ ಕೊಂಡು ಕಪ್ಪುಗಳ ಸಾಲು ಹಚ್ಚಿದರು. 2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಕಾರಣ ಬ್ರಿಟಿಷ್ ಸರ್ಕಾರ ಅವರ ಮೇಲೆ ನಿರ್ಬಂಧ ಹೇರಿತು. ಅದಕ್ಕೆ ಕೆಲ ದಿನ ಮುಂಚೆ ಬರ್ನ್ಲಿಯಲ್ಲಿ ಉಕ್ರೇನಿನ ಬೆಂಬಲಕ್ಕಾಗಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಚೆಲ್ಸಿಯ ಕೆಲ ಅಭಿಮಾನಿಗಳು ಮಾಲೀಕರ ಹೆಸರು ಕೂಗಿದರು. ಅದು ಆ ಹೊತ್ತಲ್ಲ ಎಂದು ಅವರದೇ ತರಬೇತುದಾರ ಟೂಹೆಲ್ ಗದರಬೇಕಾಯಿತು.

ನಮ್ಮಲ್ಲಿ ಗದರುವವರು ಯಾರೂ ಇರಲಿಲ್ಲ. ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಅದರ ಮರುದಿನವೇ ರಾಜ್ ಶಮಾನಿ ಅವರ ಪಾಡ್‌ಕಾಸ್ಟಿನಲ್ಲಿ ಮಲ್ಯರ ನಾಲ್ಕು ತಾಸಿನ ಸಂದರ್ಶನ ಬಂತು. ರೆಕಾರ್ಡಿಂಗ್ ಮೊದಲೇ ಆದದ್ದು, ಆ ಯೋಗಾಯೋಗಕ್ಕೆ ಅವರನ್ನು ದೂರಲಾಗದು. ಆದರೆ ಒಂದೇ ವಾರದಲ್ಲಿ, ಒಂದೇ ಮೊಬೈಲಿನಲ್ಲಿ, ಹನ್ನೊಂದು ಸಾವಿನ ಹೊಣೆ ಯಾರದೆಂಬ ಪ್ರಶ್ನೆಗಿಂತ ಹಳೆಯ ಮಾಲೀಕರಿಗೆ ಅನ್ಯಾಯವಾಯಿತೇ ಎಂಬ ಪ್ರಶ್ನೆಗೆ ಹೆಚ್ಚು ಉಸಿರು ಖರ್ಚಾಯಿತು. ಇದು ನನಗೆ ಈಗಲೂ ಇರಿಸುಮುರಿಸು.

ಆ ಸಂದರ್ಶನದಲ್ಲಿ ಮಲ್ಯ ಕಿಂಗ್‌ಫಿಷರ್ ನೌಕರರ ಕ್ಷಮೆ ಕೇಳಿದರು. ದೇಶಭ್ರಷ್ಟ ಅನ್ನಿ ಬೇಕಾದರೆ, ಕಳ್ಳ ಅನ್ನಬೇಡಿ ಎಂಬುದು ಅವರ ವಾದದ ತಿರುಳು. ತಾವು ಕೊಡಬೇಕಾದ್ದಕ್ಕಿಂತ ದುಪ್ಪಟ್ಟನ್ನು ಬ್ಯಾಂಕುಗಳು ವಸೂಲು ಮಾಡಿಕೊಂಡಿವೆ, ಪತ್ರಿಕೆಗಳು ಮಾತ್ರ ಅದನ್ನು ಬರೆಯುವುದಿಲ್ಲ ಎಂದರು. ಇಲ್ಲಿಗೆ ಮಾತು ನಮ್ಮ ಜಿಲ್ಲೆಗೆ ಬಂತು.

ಗದಗ ತಾಲ್ಲೂಕಿನ ಕಣಗಿನಹಾಳ ಹುಡುಗರಿಗೆ ಪರೀಕ್ಷೆಯಲ್ಲಿ ಕೇಳುವ ಊರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ಅಲ್ಲಿ. ಆಗಿನಿಂದ ಇಂದಿನವರೆಗೆ ಸಾಲ, ಬಡ್ಡಿ, ಗಡುವು, ಜಾಮೀನು ಈ ಕಡೆಯ ರೈತನ ಮನೆಮಾತು. ಇದೇ ಜಿಲ್ಲೆಯ ನರಗುಂದದಲ್ಲಿ 1980ರ ಜುಲೈನಲ್ಲಿ ರೈತರು ಬೆಟರ್ಮೆಂಟ್ ಲೆವಿ ವಸೂಲಿಯ ವಿರುದ್ಧ ಎದ್ದು ಗುಂಡಿಗೆ ಎದೆಯೊಡ್ಡಿದ್ದು. ಸರ್ಕಾರ, ಬ್ಯಾಂಕು ವಸೂಲಿಗಿಳಿದರೆ ಹೇಗಿರುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುಂಡರಗಿ, ಶಿರಹಟ್ಟಿಯ ಎರಿಹೊಲದವರು ರೋಹಿಣಿ ಮಳೆಗೆ ಹೆಸರು ಬಿತ್ತಲು ಬೀಜ-ಗೊಬ್ಬರ ಹೊಂದಿಸುವ ಹೊತ್ತಿಗೇ ಸೊಸೈಟಿಯ ಹಳೆ ಸಾಲ ಕಟ್ಟಿ ಹೊಸದು ಮಾಡಿಸಿಕೊಳ್ಳುವ ಓಡಾಟವೂ ಇರುತ್ತದೆ. ಶೂನ್ಯ ಬಡ್ಡಿಯ ಸಾಲ ಐದು ಲಕ್ಷದವರೆಗೆ ಇದೆ, ಖರೆ. ಗಡುವು ಒಂದು ದಿನ ತಪ್ಪಿದರೆ ಶೂನ್ಯ ಶೂನ್ಯವಾಗಿ ಉಳಿಯುವುದಿಲ್ಲ.

ಹೀಗಾಗಿ ದುಪ್ಪಟ್ಟು ವಸೂಲಿಯ ಮಾತು ಇಲ್ಲಿನವರ ಕರುಳಿಗೆ ನೇರ ತಾಗುತ್ತದೆ. ‘ನಮಗೂ ಹಂಗ ಮಾಡ್ಯಾರಲ್ಲೋ ತಮ್ಮಾ, ಇಪ್ಪತ್ತು ಸಾವಿರಕ್ಕ ನಲವತ್ತು ಕಟ್ಟಿಸಿಕೊಂಡಾರ’ ಅನ್ನುವ ಹಿರಿಯರು ಮಲ್ಯರಲ್ಲಿ ತಮ್ಮನ್ನೇ ಕಾಣುತ್ತಾರೆ. ಎದುರು ಪಾಳಿಯವರು ಅದೇ ಅನುಭವದಿಂದ ತಿರುಗುಬಾಣ ಬಿಡುತ್ತಾರೆ: ‘ಕಾಕಾ, ನೀ ಲಂಡನ್ನಿಗೆ ಹೋದ್ಯಾ? ನಿನ್ನ ಟ್ರ್ಯಾಕ್ಟರ್ ಜಗ್ಗಿಕೊಂಡು ಹೋದಾಗ ಎಷ್ಟ್ ಪೇಪರ್‌ನ್ಯಾಗ ಬಂತು?’

ಲಕ್ಷ್ಮೇಶ್ವರದ ಅಡತಿ ಅಂಗಡಿಯೊಂದರಲ್ಲಿ ಈ ವಾದ ಏರಿದಾಗ ಅಲ್ಲಿನ ಗುಮಾಸ್ತರು ಏನೂ ಅನ್ನದೆ ಹಳೆಯ ತೂಕದ ಚೀಟಿಯೊಂದನ್ನು ಮಗುಚಿ, ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತರು. ಆ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಮಲ್ಯ ಮುಂದಿಡುವ ಅಂಕಿ ಎರಡು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಕಿಂಗ್‌ಫಿಷರ್ ಸಾಲಕ್ಕೆ ತೀರ್ಮಾನಿಸಿದ ಮೊತ್ತ 6,203 ಕೋಟಿ ರೂಪಾಯಿ. ಹಣಕಾಸು ಸಚಿವೆ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದ, ಬ್ಯಾಂಕುಗಳಿಗೆ ಮರಳಿದ ಮೊತ್ತ 14,131 ಕೋಟಿ. ಮೇಲುನೋಟಕ್ಕೆ ದುಪ್ಪಟ್ಟೇ. ಆದರೆ ಮೊದಲ ಅಂಕಿಗೊಂದು ಬಾಲವಿದೆ: 2013ರ ಜೂನ್ 25ರಿಂದ ವರ್ಷಕ್ಕೆ ಶೇ 11.5ರ ಬಡ್ಡಿ. ಗುಮಾಸ್ತರ ಪೆನ್ಸಿಲ್ ಅಲ್ಲಿ ನಿಂತಿತು. 6,203ಕ್ಕೆ ಹನ್ನೊಂದೂವರೆಯಂತೆ ವರ್ಷಕ್ಕೆ 713 ಕೋಟಿ. ಚಕ್ರಬಡ್ಡಿ ಬೇಡ, ಸರಳ ಬಡ್ಡಿಯೇ ಹಿಡಿದು ಹನ್ನೊಂದೂವರೆ ವರ್ಷಕ್ಕೆ ಗುಣಿಸಿದರೆ 8,200 ಕೋಟಿ ದಾಟಿತು. ಅಸಲಿಗೆ ಕೂಡಿಸಿದರೆ 14,400ರ ಆಸುಪಾಸು.

‘ಬರಾಬರ್ ಆತಲ್ರೀ!’ ಅಂದ ಒಬ್ಬ ಹುಡುಗ, ಗೆದ್ದೆ ಎಂಬಂತೆ.

‘ಇಲ್ಲೋಪಾ, ನಡುವ ಕಟ್ಟಿದ್ದು ತಗೀಬೇಕಲ್ಲ’ ಎಂದು ಗುಮಾಸ್ತರು ತಲೆಯಾಡಿಸಿದರು.

ಅವರ ಮಾತೇ ಸರಿ. ಎಲ್ಲ ರೊಕ್ಕ ಕೊನೆಯ ದಿನ ಬಂದದ್ದಲ್ಲ. 2021ರ ಜೂನ್‌ನಲ್ಲಿ ಯುನೈಟೆಡ್ ಬ್ರೂವರೀಸ್‌ನ ಜಪ್ತಾದ ಷೇರು ಮಾರಿದ್ದರಿಂದಲೇ 5,800 ಕೋಟಿಗೂ ಮಿಕ್ಕಿ ಬಂತು. ಬಂದ ದಿನದಿಂದ ಅಷ್ಟರ ಮೇಲಿನ ಬಡ್ಡಿ ನಿಲ್ಲಬೇಕು. ಮೊದಲು ಬಡ್ಡಿಗೆ ಜಮಾ ಮಾಡಿದರೋ ಅಸಲಿಗೆ ಮಾಡಿದರೋ ಎಂಬುದರ ಮೇಲೆ ಬಾಕಿ ಏರುತ್ತದೆ, ಇಳಿಯುತ್ತದೆ. ಸೊಸೈಟಿಯ ಪಾಸ್‌ಬುಕ್ ಹಿಡಿದ ಯಾವ ರೈತನಿಗೂ ಗೊತ್ತಿರುವ ತಕರಾರು ಇದು. 2025ರ ಫೆಬ್ರವರಿಯಲ್ಲಿ ಮಲ್ಯ ಕರ್ನಾಟಕ ಹೈಕೋರ್ಟಿಗೆ ಹೋದದ್ದು ಇದೇ ಲೆಕ್ಕದ ಪಟ್ಟಿ ಕೊಡಿಸಿ ಎಂದು. ಕೇಳುವುದರಲ್ಲಿ ತಪ್ಪಿಲ್ಲ, ಸಾಲಗಾರನಿಗೆ ಲೆಕ್ಕ ಕೇಳುವ ಹಕ್ಕಿದೆ. ನನಗನ್ನಿಸುವುದು ಇಷ್ಟೇ: ‘ದುಪ್ಪಟ್ಟು ಕಸಿದರು’ ಎಂಬುದೂ ಸುಳ್ಳು, ‘ಒಂಬತ್ತು ಸಾವಿರ ಕೋಟಿ ನುಂಗಿ ನೀರು ಕುಡಿದ’ ಎಂಬುದೂ ಇವತ್ತಿನ ದಿನಕ್ಕೆ ಪೂರ್ತಿ ನಿಜವಲ್ಲ. ಆದರೂ ದೊಡ್ಡ ಅಕ್ಷರದ ತಲೆಬರಹ ಆಗುವುದು ಇವೆರಡೇ.

ವಸೂಲಾದ ಮಾತ್ರಕ್ಕೆ ಉಳಿದದ್ದು ತೊಳೆದುಹೋಗುವುದೂ ಇಲ್ಲ. ಸ್ಟೇಟ್ ಬ್ಯಾಂಕ್ 2015ರಲ್ಲಿ ಅವರನ್ನು ಉದ್ದೇಶಪೂರ್ವಕ ಸುಸ್ತಿದಾರ ಎಂದು ಘೋಷಿಸಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯ 2018ರ ಡಿಸೆಂಬರ್ 10ರಂದು ಗಡೀಪಾರಿಗೆ ಒಪ್ಪಿತು. 2020ರಲ್ಲಿ ಅಲ್ಲಿನ ಹೈಕೋರ್ಟು ಮೇಲ್ಮನವಿ ತಳ್ಳಿಹಾಕಿತು. 2019ರ ಜನವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದಿತು. ನ್ಯಾಯಾಂಗ ನಿಂದನೆಗಾಗಿ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ತಿಂಗಳ ಸಜೆ ವಿಧಿಸಿತು. ಮೂಲ ಸಾಲದ ವಂಚನೆಯ ಮೊಕದ್ದಮೆಯಲ್ಲಿ ವಿಚಾರಣೆ ನಡೆದು ತೀರ್ಪು ಬರಬೇಕಾದರೆ ಅವರು ಇಲ್ಲಿರಬೇಕು, ಇಲ್ಲ. ‘ಕಳ್ಳ ಅನ್ನಲು ತೀರ್ಪೆಲ್ಲಿದೆ’ ಎಂದು ಕೇಳುವವರು, ತೀರ್ಪು ಬರಲು ಬಿಡದವರು ಯಾರೆಂದೂ ಕೇಳಬೇಕಲ್ಲ.

ಪತ್ರಿಕೆಗಳ ಪಾತ್ರ ಈ ಕಥೆಯಲ್ಲಿ ಸಣ್ಣದಲ್ಲ, ಹೆಮ್ಮೆಯದೂ ಅಲ್ಲ. 1983ರಲ್ಲಿ ತಂದೆ ವಿಟ್ಠಲ ಮಲ್ಯ ತೀರಿಕೊಂಡಾಗ ಗುಂಪಿನ ಚುಕ್ಕಾಣಿ ಹಿಡಿದ ಇಪ್ಪತ್ತೇಳರ ಯುವಕನನ್ನು ಪತ್ರಿಕೆಗಳು ಮೊದಮೊದಲು ಶೋಕಿಲಾಲ ಎಂದು ಆಡಿಕೊಂಡವು, ಆಮೇಲೆ ಶೋಕಿಯನ್ನೇ ಸಾಧನೆಯೆಂದು ಬರೆದವು. ಕಿಂಗ್‌ಫಿಷರ್ ಕ್ಯಾಲೆಂಡರ್, ಫಾರ್ಮುಲಾ ಒನ್ ತಂಡ, ಲಂಡನ್ ಹರಾಜಿನಿಂದ ತಂದ ಟಿಪ್ಪುವಿನ ಖಡ್ಗ, 2009ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಗಾಂಧೀಜಿಯ ಕನ್ನಡಕ-ಚಪ್ಪಲಿ, ಪ್ರತಿಯೊಂದೂ ಮುಖಪುಟ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕೊಂಡಾಗ ಚಿತ್ರಗಳು ಬಂದಷ್ಟು ಲೆಕ್ಕಪತ್ರಗಳು ಬರಲಿಲ್ಲ. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗಿಳಿದು, ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ಆ ಡಿಸೆಂಬರಿನ ಹುಟ್ಟುಹಬ್ಬಕ್ಕೆ ತಿರುಪತಿಗೆ ಮೂರು ಕಿಲೊ ಚಿನ್ನ ಹೋಯಿತು. 2014ರ ಹರಾಜಿನಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ. ಆಗಲಾದರೂ ಕ್ರೀಡಾಪುಟವೂ ವಾಣಿಜ್ಯಪುಟವೂ ಒಂದನ್ನೊಂದು ಓದಿಕೊಂಡವೇ? ಬ್ಯಾಟಿನ ಸುದ್ದಿ ಹಿಂದಿನ ಪುಟದಲ್ಲಿ, ಸಂಬಳದ ಸುದ್ದಿ ಒಳಪುಟದಲ್ಲಿ, ಒಂದೇ ಮನುಷ್ಯನ ಎರಡು ಸುದ್ದಿ ಬೆನ್ನಿಗೆ ಬೆನ್ನು ಹಾಕಿ ಅಚ್ಚಾದವು.

2016ರಲ್ಲಿ ಗಾಳಿ ತಿರುಗಿತು. ಮಾರ್ಚಿನಲ್ಲಿ ಮಲ್ಯ ಟ್ವಿಟರಿನಲ್ಲಿ ಬರೆದದ್ದು ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಾಲುಗಳು: ಮಾಧ್ಯಮಗಳ ದೊಡ್ಡ ತಲೆಗಳು ತಾನು ಮಾಡಿದ ಉಪಕಾರ, ಕೊಟ್ಟ ಸವಲತ್ತುಗಳನ್ನು ಮರೆಯಬಾರದು, ಎಲ್ಲಕ್ಕೂ ದಾಖಲೆಯಿದೆ ಎಂಬರ್ಥದ ಎಚ್ಚರಿಕೆ. ದಾಖಲೆ ಹೊರಬರಲಿಲ್ಲ. ಅದನ್ನು ತೋರಿಸಿ ಎಂದು ಪಟ್ಟುಹಿಡಿದ ಪತ್ರಿಕೆಯೂ ನನಗೆ ಕಾಣಲಿಲ್ಲ. ಅಂದು ಹೊಗಳಿದ್ದೂ ಇಂದು ಬೈದದ್ದೂ ಒಂದೇ ಕೈಯಾದರೆ ಓದುಗನಿಗೆ ಎರಡರ ಮೇಲೂ ಅನುಮಾನ ಬರುವುದು ಸಹಜ. ನಾಕಾದ ಮೂರನೆಯವನ ಮಾತಿಗೆ ಬೇರು ಅಲ್ಲಿದೆ.

ಗದಗ ಅಚ್ಚುಕೂಟಗಳ ಊರು. ಮೊಳೆ ಜೋಡಿಸುವ ಕಾಲದಿಂದ ಇಲ್ಲಿ ಪಠ್ಯಪುಸ್ತಕ, ನಿಘಂಟು, ಪುರಾಣ, ಖಾತೆ-ಕಿರ್ದಿ ಪುಸ್ತಕ ಎಲ್ಲವೂ ಅಚ್ಚಾಗಿವೆ. ಅಂಥ ಒಂದು ಮುದ್ರಣ-ಪ್ರಕಾಶನ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರ ಲಾರಿ ವ್ಯವಹಾರ ಬೆಳೆಸಿ, 1999ರಲ್ಲಿ ‘ವಿಜಯ ಕರ್ನಾಟಕ’ ಹೊರಡಿಸಿ, 2006ರಲ್ಲಿ ಟೈಮ್ಸ್ ಗುಂಪಿಗೆ ಮಾರಿ, 2012ರಲ್ಲಿ ‘ವಿಜಯವಾಣಿ’ ಶುರುಮಾಡಿದ್ದು ಎಲ್ಲರಿಗೂ ಗೊತ್ತು. 2004ರ ವಿಧಾನಸಭೆ ಚುನಾವಣೆಯಲ್ಲಿ ಇಬ್ಬರು ವಿಜಯರೂ ಕಣದಲ್ಲಿದ್ದರೆಂಬುದು ಮಾತ್ರ ಮರೆತುಹೋಗಿದೆ. ಸಂಕೇಶ್ವರರು ಬಿಜೆಪಿ ಬಿಟ್ಟು ಕನ್ನಡನಾಡು ಪಕ್ಷ ಕಟ್ಟಿದ್ದರು. ಮಲ್ಯ ಸುಬ್ರಮಣಿಯನ್ ಸ್ವಾಮಿಯವರ ಜನತಾ ಪಕ್ಷದ ಕಾರ್ಯಾಧ್ಯಕ್ಷರಾಗಿ ಹೆಲಿಕಾಪ್ಟರಿನಲ್ಲಿ ರಾಜ್ಯ ಸುತ್ತಿದರು. ಸಂಕೇಶ್ವರರ ಪಕ್ಷಕ್ಕೆ ಒಂದು ಸ್ಥಾನ, ಮಲ್ಯರದಕ್ಕೆ ಸೊನ್ನೆ. ಮತದಾರ ಮುಖಪುಟ ನೋಡಿ ಮತ ಹಾಕಲಿಲ್ಲ. ಅದೇ ಮಲ್ಯರನ್ನು 2002ರಲ್ಲೊಮ್ಮೆ, 2010ರಲ್ಲಿ ಇನ್ನೊಮ್ಮೆ ರಾಜ್ಯಸಭೆಗೆ ಕಳಿಸಿದವರು ನಾವು ಆರಿಸಿದ ಶಾಸಕರು. ಎರಡು ಸಲದಲ್ಲಿ ಮೂರು ದೊಡ್ಡ ಪಕ್ಷಗಳ ಬೆಂಬಲವೂ ಒಮ್ಮೆಯಲ್ಲ ಒಮ್ಮೆ ಅವರಿಗೆ ಸಿಕ್ಕಿತ್ತು. ಆದ್ದರಿಂದ ಇವತ್ತು ಯಾವ ಪಕ್ಷದ ಕಟ್ಟಾಳೂ ಈ ವಾದದಲ್ಲಿ ದನಿ ಏರಿಸುವುದಿಲ್ಲ, ಗಮನಿಸಿ.

ಪತ್ರಿಕೆಯಲ್ಲಿ ಸಾಲಗಾರನಿಗೆ ಸಿಗುವ ಜಾಗದ ಬಗ್ಗೆಯೂ ಒಂದು ಮಾತು. ಕೈಗೆ ಸಿಕ್ಕ ಯಾವ ಕನ್ನಡ ದಿನಪತ್ರಿಕೆಯ ಜಿಲ್ಲಾ ಆವೃತ್ತಿಯನ್ನಾದರೂ ಬಿಡಿಸಿ. ಕೆಳಮೂಲೆಯಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ಚಿನ್ನಾಭರಣ ಹರಾಜಿನ ಪ್ರಕಟಣೆ ಇರುತ್ತದೆ. ಸಾಲಗಾರನ ಹೆಸರು, ತಂದೆಯ ಹೆಸರು, ಊರು, ಖಾತೆ ಸಂಖ್ಯೆ, ಗ್ರಾಂ ಲೆಕ್ಕದಲ್ಲಿ ತೂಕ. ಬಳೆ ಎರಡು, ಬೋರಮಾಳ ಒಂದು. ಮನೆಯ ಹೆಣ್ಣುಮಗಳಿಗೆ ಗೊತ್ತಾಗುವ ಮೊದಲೇ ಕೆಲವು ಸಲ ಊರಿಗೆ ಗೊತ್ತಾಗುತ್ತದೆ. ಅವರ ಪರವಾಗಿ ಸಂದರ್ಶನವಿಲ್ಲ, ಪಾಡ್‌ಕಾಸ್ಟಿಲ್ಲ, ‘ಮಾಧ್ಯಮ ವಿಚಾರಣೆ’ ಎಂಬ ದೂರೂ ಇಲ್ಲ. ಮಲ್ಯರಿಗೆ ಪತ್ರಿಕೆಗಳು ಅನ್ಯಾಯ ಮಾಡಿದವೆಂದು ಕುದಿಯುವ ನಮ್ಮ ತರುಣರು ಆ ಮೂಲೆಯನ್ನೂ ಒಮ್ಮೆ ಓದಲಿ ಎಂದು ನನಗನಿಸುತ್ತದೆ. ಕೆಲವರಿಗೆ ಪರಿಚಿತ ಹೆಸರೇ ಸಿಕ್ಕೀತು.

ಅಭಿಮಾನಿಗಳೆಲ್ಲ ಮಲ್ಯರ ಪರ ಎಂದೇನಲ್ಲ. 2017ರ ಜೂನ್ 11ರಂದು ಲಂಡನ್ನಿನ ಓವಲ್ ಮೈದಾನಕ್ಕೆ ಭಾರತ-ದಕ್ಷಿಣ ಆಫ್ರಿಕ ಪಂದ್ಯ ನೋಡಲು ಅವರು ಬಂದಾಗ ‘ಚೋರ್, ಚೋರ್’ ಎಂದು ಕೂಗಿದವರು ಭಾರತದ ಅಂಗಿ ತೊಟ್ಟ ಅಭಿಮಾನಿಗಳೇ. 2019ರ ವಿಶ್ವಕಪ್ಪಿನಲ್ಲಿ ಅದೇ ಮೈದಾನದಲ್ಲಿ ಅದೇ ಕೂಗು. ಆ ಮೊದಲ ಕೂಗಿನ ಎಂಟು ವರ್ಷದ ಬಳಿಕ ಕಪ್ ಗೆದ್ದ ರಾತ್ರಿ ‘ಒಮ್ಮೆ ಊರಿಗೆ ಬಂದ್ಹೋಗ್ರಿ ಸರ್’ ಎಂದು ಕರೆದವರೂ ಅಂಗಿ ತೊಟ್ಟವರೇ. ಗೆಲುವು ಇಷ್ಟು ಉದಾರಿ. ಸಾಲ ಕೊಟ್ಟ ಸಾರ್ವಜನಿಕ ಬ್ಯಾಂಕಿನಲ್ಲಿ ತನ್ನ ಉಳಿತಾಯವೂ ಇತ್ತು ಎಂಬುದನ್ನು ಅದು ಒಂದು ರಾತ್ರಿಯ ಮಟ್ಟಿಗೆ ಮರೆಸುತ್ತದೆ. ಒಂದು ರಾತ್ರಿ ಮರೆತರೆ ಅಡ್ಡಿಯಿಲ್ಲ.

ಆಮೇಲೆ ವಾದ ಹೊಸ ಮಗ್ಗುಲಿಗೆ ಹೊರಳಿತು. 2025ರ ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್ ತನ್ನ ಆರ್‌ಸಿಬಿ ಹೂಡಿಕೆಯನ್ನು ಪರಾಮರ್ಶೆಗೆ ಹಚ್ಚಿರುವುದಾಗಿ ಷೇರುಪೇಟೆಗೆ ತಿಳಿಸಿತು. ಆಗಿನಿಂದ ಗದುಗಿನ ಚಹಾದಂಗಡಿಗಳಲ್ಲಿ ತಂಡ ದಿನಕ್ಕೊಬ್ಬರಿಗೆ ಮಾರಾಟವಾಗತೊಡಗಿತು. ಯಾರ ಬಾಯಲ್ಲಿ ಯಾವ ಕೋಟ್ಯಧೀಶನ ಹೆಸರು ಬಂದರೆ ಅವನೇ ಮಾಲೀಕ. ‘ಯಾಂವರ ತಗೊಳ್ಳಲಿ, ಮಲ್ಯಾನಂಗ ದಿಲ್ ಇರಬೇಕು’ ಎಂಬುದು ಒಂದು ಪಾಳಿ. ಮಲ್ಯರಿಗೇ ವಾಪಸ್ ಕೊಡಲಿ ಎಂಬ ಹುಂಬರೂ ಇದ್ದರು.

ಬೆಟಗೇರಿಯ ನೇಕಾರರ ಸಂಘವೊಂದರಲ್ಲಿ ವರ್ಷಾನುಗಟ್ಟಲೆ ಲೆಕ್ಕ ಬರೆದು ನಿವೃತ್ತರಾದ ಒಬ್ಬರು ಈ ಗದ್ದಲದ ನಡುವೆ ಕೇಳಿದ್ದು ಒಂದೇ: ‘ತಗೊಳ್ಳಾಂವ ರೊಕ್ಕ ಎಲ್ಲಿಂದ ತರತಾನಂತ?’

ಹುಡುಗರಿಗೆ ಅದರಲ್ಲಿ ರುಚಿಯಿರಲಿಲ್ಲ. ‘ಅದನ್ನ ತಗೊಂಡು ನಾವೇನ್ ಮಾಡೂಣ್ರೀ ಅಜ್ಜಾರ? ನಮಗ ಕೊಹ್ಲಿ ಉಳಿದ್ರ ಸಾಕು.’

‘ಉಳೀಲಿ ಬಿಡೋ, ನಾನೇನ್ ಬ್ಯಾಡ ಅಂದ್ನ? ರೊಕ್ಕ ಎಲ್ಲಿಂದ ಅಂದೆ.’